ಪಟ್ಟಿ ತುಂಬಿದವರ ಮನೆ

ಮನೆಪಟ್ಟಿ ಎಂದರೆ ನಾವು ಇರುವ ಮನೆಗೆ ವರ್ಷಕ್ಕೊಮ್ಮೆ ಊರ ಕಚೇರಿಗೆ ತುಂಬುವ ತೆರಿಗೆ. ನಾನು ಗೋಕಾಕಕ್ಕೆ ಸೊಸೆಯಾಗಿ ಬಂದಾಗ ನಮ್ಮ ಅತ್ತೆ ಆ ಹಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸಂತೆಗೆ ಹೊರಡುತ್ತಿದ್ದಳು. ದಾರಿಯಲ್ಲಿ ಪಟ್ಟಿ ತುಂಬಿ, ಉಳಿದದ್ದರಲ್ಲಿ ಕಾಯಿಪಲ್ಯೆ ಕೊಂಡು, ಮತ್ತೂ ಉಳಿದರೆ ಎಲೆ ಅಡಿಕೆ ತರುತ್ತಿದ್ದಳು. ಪಟ್ಟಿಯನ್ನು ಯಾರೂ ದೊಡ್ಡ ಸುದ್ದಿ ಮಾಡುತ್ತಿರಲಿಲ್ಲ. ಈಗ ಓಣಿಯಲ್ಲಿ ಇಬ್ಬರು ಹೆಂಗಸರು ನಿಂತರೆ ಒಂದು ಮಾತು ಸೊಸೆಯದು, ಇನ್ನೊಂದು ಪಟ್ಟಿಯದು.

ನಮ್ಮದು ಹೊಳೆಗೆ ಹತ್ತಿರದ ಓಣಿ. ಮನೆಗಳನ್ನು ನಾವು ಅಂಕಣದ ಲೆಕ್ಕದಲ್ಲಿ ಹೇಳುತ್ತೇವೆ. ಒಂದು ತೊಲೆಯಿಂದ ಇನ್ನೊಂದು ತೊಲೆಯವರೆಗೆ ಒಂದು ಅಂಕಣ. ನನ್ನದು ಐದು ಅಂಕಣದ ಮನೆ. ಅದರಲ್ಲಿ ನಾನು, ಟೆಂಪೋ ಓಡಿಸುವ ಮಗ, ಬಾಯಿ ಜೋರಿನ ಸೊಸೆ. ಬಾಜೂ ಮನೆ ನಾಲ್ಕು ಅಂಕಣದ್ದು. ಎರಡಕ್ಕೂ ನಡುಗೋಡೆ ಒಂದೇ. ಆ ಕಡೆ ಮೊಳೆ ಹೊಡೆದರೆ ಈ ಕಡೆ ನಮ್ಮ ದೇವರ ಫೋಟೋ ಅಲುಗಾಡುತ್ತದೆ.

ಗೋಡೆಯ ಆ ಕಡೆಯವಳು ಗಾದಿ ಹೊಲಿಯುವ ಮನೆತನದವಳು. ಹತ್ತಿ ಹಿಂಜುವುದು, ಗಾದಿ ತುಂಬುವುದು, ದಬ್ಬಣದಿಂದ ಹೊಲಿಯುವುದು, ಇದೇ ಅವರ ಕಸುಬು. ಅವಳಿಗೆ ಐವತ್ತರ ಆಸುಪಾಸು. ದೊಡ್ಡ ಮಗಳ ಮದುವೆಯಾಗಿದೆ. ಸಣ್ಣವಳು ಮನೆಯಲ್ಲಿದ್ದು ಮಶಿನ್ನಿನ ಮೇಲೆ ಗಾದಿಗೆ ಹೊದಿಸುವ ಖೋಳ ಹೊಲಿಯುತ್ತಾಳೆ. ಅವಳು ನನ್ನನ್ನು ಅಕ್ಕಾ ಎನ್ನುತ್ತಾಳೆ, ನಾನು ಅವಳನ್ನು ತಂಗಿ ಎನ್ನುತ್ತೇನೆ. ಹಾಗಂದ ಮಾತ್ರಕ್ಕೆ ಜಗಳ ಇಲ್ಲ ಎಂದಲ್ಲ. ಅವಳ ಹತ್ತಿಯ ಧೂಳಿಗೆ ನಾನು ಸೀನುತ್ತೇನೆ, ನಮ್ಮ ಒಗ್ಗರಣೆಯ ಘಾಟಿಗೆ ಅವಳು ಕೆಮ್ಮುತ್ತಾಳೆ, ಇಬ್ಬರೂ ಹಿತ್ತಲ ಗೋಡೆಯ ಮೇಲಿಂದ ಬೈದುಕೊಳ್ಳುತ್ತೇವೆ.

ಒಂದು ವರ್ಷ ಹೊಳೆ ಓಣಿಯೊಳಗೆ ಬಂತು. ಸಂಜೆಗೆ ಕಟ್ಟೆಗೆ ನೀರು ಹತ್ತಿತು. ಹಾಸಿಗೆ ಹೊತ್ತುಕೊಂಡು ಎತ್ತರದ ಶಾಲೆಗೆ ಹೋದೆವು. ತಿರುಗಿ ಬಂದಾಗ ಮನೆಯಲ್ಲಿ ಮೊಣಕಾಲುದ್ದ ರಾಡಿ, ಒಳಗೋಡೆ ಅರ್ಧ ಕುಸಿದಿತ್ತು. ರಾಡಿ ಬಳಿದು ಮುಗಿಯುವುದರೊಳಗೆ ಟೇಪು ಹಿಡಿದವರು ಬಂದರು. ಮನೆ ಅಳೆದರು, ಬಿದ್ದದ್ದನ್ನು ಬರೆದುಕೊಂಡರು, ಏನು ಹೋಯಿತು ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಗೋಡೆ ಹಳೆಯದು, ಮೊದಲೇ ಬಿರುಕು ಬಿಟ್ಟಿತ್ತು, ಒಳಗೆ ಹೇಳಿಕೊಳ್ಳುವಂಥ ಸಾಮಾನು ಇರಲಿಲ್ಲ. ಎದುರು ಮನೆಯ ಮುದುಕ ಬೇರೆ ಹೇಳಿದ: ಗೋಡೆ ಹೊಸದು, ಒಳಗೆ ಅಂಗಡಿಯ ಮಾಲು ತುಂಬಿತ್ತು. ಪರಿಹಾರ ಬಂದಾಗ ನನಗೆ ಸ್ವಲ್ಪ, ಅವನಿಗೆ ಜಾಸ್ತಿ.

ಆವತ್ತಿನಿಂದ ನನ್ನ ಸೊಸೆ ಆಡದ ಮಾತಿಲ್ಲ. "ನಮ್ಮ ಅತ್ತಿ ಖರೆ ಮಾತಾಡಿ ಒಂದ ಗೋಡಿ ಕಳಕೊಂಡ್ರು," ಎಂದು ನೀರು ತುಂಬುವಲ್ಲಿ ಹೇಳಿದಳು, ಕಿರಾಣಿ ಅಂಗಡಿಯಲ್ಲಿ ಹೇಳಿದಳು, ತವರಿಗೆ ಫೋನು ಹಚ್ಚಿ ಹೇಳಿದಳು. ಓಣಿಯವರೆಲ್ಲ ಒಂದು ಪಾಠ ಕಲಿತರು. ಟೇಪು ಬಂದರೆ ಹಳೆಯದು ಎನ್ನಬಾರದು, ಹೊಸದು ಎನ್ನಬೇಕು. ಖಾಲಿ ಎನ್ನಬಾರದು, ತುಂಬಿದೆ ಎನ್ನಬೇಕು. ಮನೆ ಎನ್ನಬಾರದು, ಅಂಗಡಿ ಎನ್ನಬೇಕು.

ಬಾಜೂ ಮನೆಯವಳ ಗಂಡ ಆಗ ಬದುಕಿದ್ದ. ಬಂದ ಪರಿಹಾರದಲ್ಲಿ ಅವನು ಹಿತ್ತಲಲ್ಲಿ ಒಂದು ಖೋಲಿ ಕಟ್ಟಿದ. ಇಟ್ಟಿಗೆಯ ಗೋಡೆ, ಮೇಲೆ ಪತ್ರಾಸು, ಅಂದರೆ ತಗಡಿನ ಹೊದಿಕೆ, ಕೆಳಗೆ ಎತ್ತರದ ಬುನಾದಿ. ಹತ್ತಿ ಒಮ್ಮೆ ತೊಯ್ದರೆ ಮುಗಿಯಿತು, ಒಣಗಿಸಿದರೂ ಗಂಟಾಗುತ್ತದೆ, ಗಾದಿಗೆ ಬಾರದು. ಅದಕ್ಕೇ ಆ ಎತ್ತರ. ತಾನೇ ಇಟ್ಟಿಗೆ ಹೊತ್ತ, ತಾನೇ ಸಿಮೆಂಟು ಬಳಿದು ಗಿಲಾಯಿ ಮಾಡಿದ. ಹುಟ್ಟಿದಾಗಿನಿಂದ ಅಪ್ಪ ಕಟ್ಟಿದ ಮನೆಯಲ್ಲಿದ್ದ ಮನುಷ್ಯ, ಸ್ವಂತ ಕಟ್ಟಿದ್ದು ಅದೊಂದೇ. ಮರುವರ್ಷ ತೀರಿಕೊಂಡ.

ಅವನಿಗೆ ಒಬ್ಬ ತಮ್ಮ ಇದ್ದಾನೆ, ಹುಕ್ಕೇರಿಯಲ್ಲಿ ಗಾದಿ ಅಂಗಡಿ ಇಟ್ಟುಕೊಂಡಿದ್ದಾನೆ. ಮನೆ ಇಬ್ಬರು ಅಣ್ಣತಮ್ಮಂದಿರದು. ಅಣ್ಣ ಸತ್ತ ಮೇಲೆ ಎರಡೂ ಕಡೆಯ ಹಿರಿಯರು ನನ್ನ ಎದುರಿಗೇ ಕುಳಿತು ಮಾತು ಮುಗಿಸಿದರು. ಅವಳು ಆ ಮನೆಯಲ್ಲಿ ಇರಬಹುದು, ಯಾರೂ ಎಬ್ಬಿಸಬಾರದು. ಆದರೆ ಪಟ್ಟಿಯನ್ನು ಅವಳೇ ತುಂಬಬೇಕು. ಎಂದಾದರೂ ಅದು ತಮ್ಮನ ಕೊರಳಿಗೆ ಬಿದ್ದರೆ ಆವತ್ತು ಮನೆ ಮಾರಿ ಇಬ್ಬರೂ ಪಾಲು ತೆಗೆದುಕೊಳ್ಳಬೇಕು. ನಮ್ಮ ಕಡೆ ಮನೆ ಯಾರದು ಎಂದು ಕೇಳಿದರೆ ಪಟ್ಟಿ ಯಾರು ತುಂಬುತ್ತಾರೆ ಎಂದು ಕೇಳಿದ ಹಾಗೆಯೇ. ಪಟ್ಟಿ ಸಣ್ಣದಿತ್ತು. ಹತ್ತು ಹನ್ನೆರಡು ದಿನ ಗಾದಿ ಹೊಲಿದರೆ ತೀರುತ್ತಿತ್ತು. ಹಿರಿಯರ ಮಾತು ಅವಳಿಗೆ ಹಗುರ ಅನ್ನಿಸಿತು, ಒಪ್ಪಿಕೊಂಡಳು.

ಮೊನ್ನಿನ ಮಳೆಗಾಲದಲ್ಲಿ ಹೊಳೆ ಮತ್ತೆ ಏರಿತು. ಓಣಿಯ ಬಾಯಿಗೆ ಬಂದು ನಿಂತು ಇಳಿದುಹೋಯಿತು. ಮನೆಯೊಳಗೇನೂ ಬರಲಿಲ್ಲ. ನಾವು ಇನ್ನೂ ಗಂಟುಮೂಟೆ ಬಿಚ್ಚುತ್ತಿದ್ದಾಗ ಟೇಪು ಹಿಡಿದು ಇಬ್ಬರು ಬಂದರು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫೋನು.

"ಅಳತಿ ಮಾಡಾಕ ಬಂದೇವ್ರಿ," ಎಂದರು.

ಯಾತರ ಅಳತೆ ಎಂದು ಒಬ್ಬರೂ ಕೇಳಲಿಲ್ಲ. ಹೊಳೆ ಏರಿದ ವಾರದಲ್ಲಿ ಟೇಪು ಬಂದರೆ ನಮ್ಮ ಓಣಿಯಲ್ಲಿ ಅದಕ್ಕೆ ಒಂದೇ ಅರ್ಥ.

"ಬರ್ರಿ, ಬರ್ರಿ, ಒಳಗ ಬರ್ರಿ. ಚಪ್ಪಲಿ ಇರ್ಲಿ ಬಿಡ್ರಿ," ಎಂದು ಎದುರು ಮನೆಯ ಮುದುಕ ಕೈಹಿಡಿದು ಕರೆದೊಯ್ದ. ಕೊಟ್ಟಿಗೆ ತೋರಿಸಿದ. "ಇದು ದನದ ಕೊಟಗಿರಿ. ನಾಕ ಎಮ್ಮಿ ಅದಾವ."

"ಒಂದ ಕಾಣಾಕತ್ತೈತಲ್ರಿ, ಅಜ್ಜಾರ?"

"ಮೂರು ಮೇಯಾಕ ಹೋಗ್ಯಾವು."

ಆ ಒಂದು ಎಮ್ಮೆಯೂ ಅವನ ಬೀಗರದು. ನನಗೆ ನಗು ಬಂತು. ಅಷ್ಟರಲ್ಲಿ ಸೊಸೆ ನನ್ನ ಪಕ್ಕೆ ತಿವಿದಳು. "ಅತ್ತಿ, ಈ ಸಲನಾರ ಬಾಯಿ ಬಿಡ್ರಿ. ಇಲ್ಲಂದ್ರ ನಾ ಬಿಡತೇನಿ."

ಟೇಪಿನವರು ನಮ್ಮ ಕಟ್ಟೆಗೆ ಬಂದರು. ಬೆಳಿಗ್ಗೆ ಸೊಸೆ ಅಲ್ಲಿ ಒಂದು ಬುಟ್ಟಿ ಇಟ್ಟುಕೊಂಡು ಕೊತ್ತಂಬರಿ, ಹಸಿಮೆಣಸಿನಕಾಯಿ ಮಾರುತ್ತಾಳೆ. ನಾನು ಎಂದೆ, "ಇದು ನಮ್ಮ ಅಂಗಡಿ."

"ಏನ ಅಂಗಡಿ, ಆಯಿ?"

"ಕಾಯಿಪಲ್ಯೆದ್ದು. ಹೋಲ್‌ಸೇಲ್."

ಅವನು ಬುಟ್ಟಿಯ ಕಡೆ ನೋಡಿದ, ನನ್ನ ಕಡೆ ನೋಡಿದ, ಫೋನಿನಲ್ಲಿ ಒತ್ತಿದ.

ಆಮೇಲೆ ಬಾಜೂ ಮನೆ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಅವರನ್ನು ನೇರ ಹಿತ್ತಲಿಗೆ ಕರೆದುಕೊಂಡು ಹೋದಳು. ನಾನೂ ಹಿಂದೆ ಹೋದೆ. ಖೋಲಿಯ ಬಾಗಿಲು ಪೂರ್ತಿ ತೆರೆದಳು.

"ಇದು ಹೊಸಾದರಿ. ನಮ್ಮ ಮನಿಯವ್ರು ಕಟ್ಟಿದ್ದು. ಯಾರ್ನೂ ಕೇಳಲಾರದ, ಸ್ವಂತ ಕಟ್ಟಿದ್ರು."

"ಪರವಾನಗಿ?"

"ಯಾರ ಪರವಾನಗಿ ಯಾಕರಿ? ನಮ್ಮ ಹಿತ್ತಲಾ, ನಮ್ಮ ಕೈ."

"ಒಳಗ ಏನ ಇಡತೀರಿ?"

"ಗಾದಿ ಮಾಲು. ಮುಂದ ನಮ್ಮ ಅಂಗಡಿ, ಇದು ನಮ್ಮ ಗೋದಾಮು. ಮನ್ಯಾಗ ಮ್ಯಾಲ ಅಟ್ಟ ಐತಿ, ಅದೂ ತುಂಬೈತಿ. ಅದನ್ನೂ ಬರಕೋರಿ."

ಅವರಲ್ಲಿ ಒಬ್ಬ ಫೋನಿನಿಂದ ಬೆರಳು ತೆಗೆದ. "ಅವ್ವಾರ, ನೋಡಿ ಹೇಳ್ರಿ. ಖರೆ ಬರೀಲೇನ?"

"ಖರೆನರಿ. ಅಲ್ಲಾನ ಆಣಿ," ಎಂದಳು. ಮಗಳು ಸಕ್ಕರೆ ಸುರಿದು ಚಹಾ ತಂದಳು. ಅವರು ಕುಡಿದು ಹೋದರು. ಆ ಸಂಜೆ ಓಣಿಯಲ್ಲಿ ಹಬ್ಬದ ಹಾಗೆ. ಒಬ್ಬರು ಹೊಸ ಪತ್ರಾಸು ಹಾಕಿಸುತ್ತೇವೆ ಎಂದರು, ಒಬ್ಬರು ಬಾಗಿಲು ಬದಲಿಸುತ್ತೇವೆ ಎಂದರು. ನನ್ನ ಸೊಸೆ ನನಗೆ ತಾನಾಗಿ ಎಲೆ ಅಡಿಕೆ ಮಡಿಸಿ ಕೊಟ್ಟಳು. ಮದುವೆಯಾಗಿ ಬಂದ ಮೇಲೆ ಅದು ಮೊದಲ ಸಲ.

ಬಂದದ್ದು ಪರಿಹಾರವಲ್ಲ, ಪಟ್ಟಿಯ ಚೀಟಿ. ಟೇಪಿನವರು ಪಟ್ಟಿಗಾಗಿಯೇ ಅಳೆಯಲು ಬಂದವರು. ದರವನ್ನೂ ಆ ವರ್ಷವೇ ಏರಿಸಿದ್ದರು. ಏರಿದ ದರ ಒಂದು ಹೊಡೆತ, ನಾವೇ ಬಾಯಿಬಿಟ್ಟು ಬರೆಸಿದ್ದು ಇನ್ನೊಂದು. ನನ್ನದು ಮೊದಲಿನ ಮೂರು ಪಟ್ಟಾಯಿತು. ಬಾಜೂ ಮನೆಯ ಚೀಟಿಯನ್ನು ಅವಳ ಮಗಳು ಕಟ್ಟೆಯ ಮೇಲೆ ನಿಂತು ಓದಿದಳು. ಮುಂದಿನ ಅಂಕಣಕ್ಕೆ ಅಂಗಡಿಯ ದರ. ಖೋಲಿಗೆ ಗೋದಾಮಿನ ದರ, ಅದೂ ಪರವಾನಗಿ ಇಲ್ಲದೆ ಕಟ್ಟಿದ್ದಕ್ಕೆ ದುಪ್ಪಟ್ಟು. ಎಲ್ಲ ಕೂಡಿ ಹಳೆಯದರ ಐದು ಪಟ್ಟಿಗೂ ಮೇಲೆ. ಹುಡುಗಿ ಎರಡು ಸಲ ಓದಿದಳು. ತಾಯಿ ಮೂರನೆಯ ಸಲ ಓದಲು ಹೇಳಲಿಲ್ಲ.

ನನ್ನ ಸೊಸೆ ಬಿಡುವವಳಲ್ಲ. "ಹೋಲ್‌ಸೇಲ್ ಅಂದ್ರಲ್ಲ ಅತ್ತಿ, ಈಗ ತುಂಬ್ರಿ ಹೋಲ್‌ಸೇಲ್."

"ಬಾಯಿ ಬಿಡ್ರಿ ಅಂದಾಕಿ ಯಾರು?"

"ಬಿಡ್ರಿ ಅಂದೆ. ಇಷ್ಟ ಅಗಲ ಬಿಡ್ರಿ ಅಂದಿಲ್ಲ."

ಇದು ನಮ್ಮ ಊರಿನ ಕತೆ ಮಾತ್ರ ಎಂದುಕೊಂಡಿದ್ದೆ. ಮೂಡಲಗಿಗೆ ಕೊಟ್ಟ ಮಗಳು ಅದೇ ವಾರ ಫೋನು ಮಾಡಿದಳು. "ಯವ್ವಾ, ನಮ್ಮ ಖಾಲಿ ಜಾಗಾಕ್ಕೂ ಹಾಕ್ಯಾರ. ಅಲ್ಲಿ ಜಾಲಿಗಿಡ ಬಿಟ್ರ ಏನೂ ಇಲ್ಲ. ಜಾಲಿಗಿಡಕ್ಕ ಪಗಾರ ಬರತೈತೇನ?" ಅವರು ಆ ಜಾಗ ತೆಗೆದುಕೊಂಡದ್ದು ಮನೆ ಕಟ್ಟಲು. ಕಟ್ಟುವುದಕ್ಕೆ ಕೂಡಿಟ್ಟದ್ದರಲ್ಲಿ ಈಗ ಪಟ್ಟಿ ತುಂಬುತ್ತಿದ್ದಾರೆ.

ಬಾಜೂ ಮನೆಯವಳು ಆವತ್ತು ಅಡಿಗೆ ಮಾಡಲಿಲ್ಲ. ಗೋಡೆಯ ಆ ಕಡೆ ಪಾತ್ರೆಯ ಸಪ್ಪಳವಿಲ್ಲದ್ದನ್ನು ಕೇಳಿ ಹೋದೆ. ಅರ್ಧ ಹೊಲಿದ ಗಾದಿಯ ಮೇಲೆ ಕುಳಿತಿದ್ದಳು.

"ಮನಿ ಹೋತು ಅಕ್ಕಾ," ಎಂದಳು. "ಇಷ್ಟ ನನ್ನ ಕೈಯಿಂದ ತುಂಬಾಕ ಆಗೂದಿಲ್ಲ. ನಾ ತುಂಬಲಿಲ್ಲಂದ್ರ ಹುಕ್ಕೇರ್ಯಾಗ ಅವರಿಗಿ ನೋಟೀಸ ಹೋಗತೈತಿ. ಹೋದ್ರ ಮಾರತಾರ."

ನಾನು ಕೊಡಬಹುದಿತ್ತಲ್ಲ ಎಂದು ಕೇಳುವವರಿಗೆ ಹೇಳುತ್ತೇನೆ. ನನ್ನದೂ ಏರಿತ್ತು. ಒಂದು ವರ್ಷಕ್ಕೆ ಕೊಟ್ಟೆ ಅನ್ನಿ, ಪಟ್ಟಿ ಪ್ರತಿ ವರ್ಷ ಬರುತ್ತದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುವುದಿಲ್ಲ.

ಇಬ್ಬರೂ ಕಚೇರಿಗೆ ಹೋದೆವು. ಅಲ್ಲಿ ನಮ್ಮಂಥವರೇ ಸಾಲಾಗಿ ನಿಂತಿದ್ದರು, ಎಲ್ಲರ ಕೈಯಲ್ಲೂ ಚೀಟಿ. ಮೇಜಿನ ಹಿಂದೆ ಒಬ್ಬ ಗುಮಾಸ್ತ, ಬೆಳಗಿನಿಂದ ಬೈಸಿಕೊಂಡು ಕಿವಿ ಕೆಂಪಾಗಿತ್ತು. ನಾನೂ ಶುರು ಮಾಡಿದೆ.

"ಹೊಳಿ ಬಂದಾಗ ಅಳದ್ರಿ, ಆಗ ನಮ್ಮ ಮನಿ ಸಣ್ಣದಿತ್ತು. ಈಗ ಅಳದ್ರಿ, ದೊಡ್ಡದಾತು. ನಡುವ ನಾವು ಏನೂ ಕಟ್ಟಿಲ್ಲ. ಮನಿ ತಾನ ಬೆಳಿತೈತೇನ, ತಮ್ಮಾ?"

"ಆಯಿ, ಆವತ್ತ ಬಂದವರು ಬ್ಯಾರೆ, ಇವರು ಬ್ಯಾರೆ. ಇವರಿಗಿ ನೀವ ಹೇಳೀರಿ. ಇಲ್ಲಿ ನೋಡ್ರಿ, 'ತರಕಾರಿ ಸಗಟು ವ್ಯಾಪಾರ'. ಇದು ನಾ ಬರದದ್ದಲ್ಲ."

ಹಿಂದೆ ನಿಂತವರು ನಕ್ಕರು. ನಾನು ಮಾತು ತಿರುಗಿಸಿದೆ. "ಇಷ್ಟ ಏರಿಸಿದ್ದು ಯಾಕ?"

"ಗಟಾರ ಬಳಿಯಾವರಿಗಿ ಪಗಾರ ಬೇಕಲ್ಲ. ಓಣಿ ದೀಪದ ಬಿಲ್ಲು ಬರತೈತಿ. ನೀರು ಏರಸಾಕ ಕರೆಂಟ ಬೇಕು."

ಗಟಾರ ಬಳಿಯುವವಳು ನಮ್ಮ ಕಟ್ಟೆಯ ಮೇಲೆ ಕುಳಿತು ನೀರು ಕುಡಿಯುತ್ತಾಳೆ. ಅವಳ ಹೊಟ್ಟೆ ಎಂಥದು ನನಗೆ ಗೊತ್ತು. ಆದರೆ ಒಬ್ಬರ ಹೊಟ್ಟೆಗೆ ಇನ್ನೊಬ್ಬರ ಸೂರು ಕಿತ್ತರೆ ಹೇಗೆ? ಅದನ್ನೂ ಹೇಳಿದೆ. ಗುಮಾಸ್ತ ಪೆನ್ನು ಕೆಳಗಿಟ್ಟ.

"ಆಯಿ, ನನ್ನ ಮನಿ ಘಟಪ್ರಭಾದಾಗ ಐತಿ. ಮ್ಯಾಲ ಒಂದ ಖೋಲಿ ಏರಿಸೇನಿ, ಮಗನ ಲಗ್ನಕ್ಕಂತ. ನನಗೂ ಪಟ್ಟಿ ಏರಿಸ್ಯಾರ. ನಾ ಯಾರ ಮುಂದ ಹೋಗಿ ಬೈಲಿ?"

ಆಮೇಲೆ ಬಾಜೂ ಮನೆಯವಳ ಚೀಟಿ ತೆಗೆದುಕೊಂಡು ನಿಧಾನವಾಗಿ ತಿಳಿಸಿ ಹೇಳಿದ. ತಕರಾರು ಅರ್ಜಿ ಕೊಡಬಹುದು. ಕೊಟ್ಟರೆ ಮತ್ತೆ ಅಳೆಯಲು ಬರುತ್ತಾರೆ. "ಆದ್ರ ಈ ಸಲ ಬಾಯಿ ಮಾತು ನಡ್ಯಾಂಗಿಲ್ಲ. ಕಣ್ಣಿಗಿ ಕಂಡದ್ದ ಬರೀತಾರ. ಅಂಗಡಿ ಇಲ್ಲಂದ್ರ ಮನ್ಯಾಗ ಮಾಲು ಕಾಣಬಾರದು. ಆ ಖೋಲಿ ನಿಂತಿದ್ರ ಮಾತ್ರ ಅದರ ದುಪ್ಪಟ್ಟು ತಪ್ಪೂದಿಲ್ಲ. ಪರವಾನಗಿ ಮಾಡಸ್ಬೇಕಂದ್ರ ನಕಾಶಿ, ದಂಡ, ಇಬ್ರೂ ಮಾಲಕರ ಸಹಿ..." ಎಂದು ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. ಅರ್ಜಿಗೆ ಅವಳು ಸಹಿ ಹಾಕಿದಳು. ನನ್ನದಕ್ಕೆ ನಾನೂ ಹಾಕಿದೆ, ಓಣಿಯ ಉಳಿದವರೂ ಕೊಟ್ಟರು.

ಮರುದಿನ ಹುಕ್ಕೇರಿಗೆ ಹೋದೆವು. ಘಟಪ್ರಭಾಕ್ಕೆ ಹೋಗಿ ಅಲ್ಲಿ ಬಸ್ಸು ಬದಲಿಸಬೇಕು. ದಾರಿಯುದ್ದಕ್ಕೂ ಅವಳು ಮೈದುನನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಕೂಡಿಸುತ್ತಿದ್ದಳು. ನಾನು ಕಿಟಕಿಯ ಬದಿಗೆ ಕುಳಿತು ನಿದ್ದೆ ಮಾಡಿದೆ.

ಮೈದುನ ಅಂಗಡಿಯಲ್ಲೇ ಸಿಕ್ಕ. ಮುಂದೆ ಅಂಗಡಿ, ಹಿಂದೆ ಮನೆ. ಗಡ್ಡದಲ್ಲೆಲ್ಲ ಹತ್ತಿ.

"ಬರ್ರಿ ಭಾಭಿ, ಬರ್ರಿ ದೊಡ್ಡವ್ವಾ. ಇಬ್ರೂ ಕೂಡೇ ಬಂದೀರಿ, ಜಗಳಾಡಿ ನ್ಯಾಯ ಕೇಳಾಕ ಬಂದ್ರೇನ?"

"ಜಗಳ ನಿನ್ನ ಕೂಡ ಐತಿ," ಎಂದೆ. "ಮೊದಲ ಚಹಾ ಹೇಳು."

ಚಹಾ ಬಂತು. ಅವಳು ಚೀಟಿ ಕೊಟ್ಟಳು. ಅವನು ಓದಿ, ಮಡಿಸಿ, ತಿರುಗಿ ಅವಳ ಕೈಗೆ ಕೊಟ್ಟ.

"ಭಾಭಿ, ನಾ ನಿಮ್ಮ ದುಷ್ಮನ ಅಲ್ಲ. ನಂದೂ ಏರೈತಿ. ಅಂಗಡಿದ್ದೂ ತುಂಬತೇನಿ, ಮನಿದೂ ತುಂಬತೇನಿ. ಮ್ಯಾಲ ಗೋಕಾಕದ್ದೂ ನನಗ ಬಂದ್ರ ನಾ ಎಲ್ಲಿ ಹೋಗ್ಲಿ? ಹಿರ್ಯಾರ ಮಾತ ಐತಿ. ಮಾರೂನು. ನಿಮ್ಮ ಪಾಲು ಪೈಸಾ ಕಡಿಮಿ ಇಲ್ಲದ ಕೊಡತೇನಿ. ಇಲ್ಲೇ ಬಾಜೂಕ ಬಾಡಿಗಿ ಮನಿ ನೋಡತೇನಿ."

"ಬಾಡಿಗಿ ಮನ್ಯಾಗ ಗಾದಿ ಹೊಲ್ಯಾಕ ಯಾರ ಬಿಡತಾರ?" ಎಂದಳು. "ಹತ್ತಿ ಧೂಳಿಗೆ ಎರಡ ದಿನಕ್ಕ ಎಬ್ಬಸ್ತಾರ. ಹುಡುಗಿ ನೋಡಾಕ ಬಂದವರು ಮನಿ ಯಾರದು ಅಂತ ಕೇಳತಾರ. ಏನ ಹೇಳ್ಲಿ?"

ಒಳಗಿನಿಂದ ಅವನ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು. ಅವನು ಹೆಂಡತಿಯನ್ನು ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ. "ಈ ವರ್ಷದ್ದು ನೀವ ತುಂಬಿ ತೋರಸ್ರಿ. ತುಂಬಿದ್ರ ನಾ ಬಾಯಿ ತೆಗ್ಯಾಂಗಿಲ್ಲ."

ಅವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಂಗಡಿಯ ಹಲಗೆಯ ಮೇಲೆ ಅವನದೂ ಅಂಥದೇ ಚೀಟಿ ಕಲ್ಲಿನ ಕೆಳಗೆ ಬಿದ್ದಿತ್ತು.

ತಿರುಗಿ ಬರುವಾಗ ಘಟಪ್ರಭಾದಲ್ಲಿ ಗೋ‌ಕಾಕದ ಬಸ್ಸಿಗೆ ಕಾದು ಕುಳಿತೆವು. ಆಸ್ಪತ್ರೆಗೆ ಬಂದವರು, ರೈಲು ಇಳಿದವರು, ಗದ್ದಲವೋ ಗದ್ದಲ. ಆ ಗದ್ದಲದಲ್ಲಿ ಅವಳು ಎಂದಳು, "ಖೋಲಿ ಕೆಡವತೇನಿ ಅಕ್ಕಾ."

"ಹುಚ್ಚಿ ಏನ? ಅದೊಂದ ಗಟ್ಟಿ ಐತಿ ನಿಮ್ಮ ಮನ್ಯಾಗ."

"ಗಟ್ಟಿ ಐತಿ. ಅದನ್ನ ಇಟ್ಟಕೊಂಡ್ರ ಮನಿ ಹೋಗತೈತಿ. ಮನಿ ಇಟ್ಟಕೊಂಡ್ರ ಅದು ಹೋಗತೈತಿ. ನೀವ ಹೇಳ್ರಿ."

ಬೇರೆ ದಾರಿ ಇದೆಯೇ ಎಂದು ಯೋಚಿಸಿದೆ. ಬಸ್ಸು ಬರುವವರೆಗೂ ಯೋಚಿಸಿದೆ. "ಕೆಡವು," ಎಂದೆ.

ಮನೆಯ ಅರ್ಧ ಒಡೆಯನಿಗೆ ಹೇಳದೆ ಕೆಡವಬಾರದೆಂದು ಹುಕ್ಕೇರಿಗೆ ಫೋನು ಮಾಡಿಸಿದಳು. ಅವನು ಯಾವ ದಿನ ಎಂದು ಕೇಳಿ ಫೋನು ಇಟ್ಟ. ಕೆಡವುವ ದಿನ ಬೆಳಿಗ್ಗೆ ಹಾರೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ. ತಡೆಯಲು ಬಂದನೆಂದು ನಾನು ಸೀರೆ ಬಿಗಿದುಕೊಂಡೆ.

"ದೊಡ್ಡವ್ವಾ, ಸರೀರಿ," ಎಂದ. "ಹೆಂಗಸ್ರ ಕೈಲೆ ಗೋಡಿ ಕೆಡವಸಬೇಕೇನ? ಪತ್ರಾಸ ಹುಷಾರಿಲೆ ಇಳಸ್ರಿ. ಅರ್ಧ ನನ್ನವು."

"ಅರ್ಧ ನಿನ್ನವು?"

"ಹೌದಲ್ಲ. ನನ್ನ ಅಂಗಡಿ ಸೋರಾಕತ್ತೈತಿ."

ಓಣಿಯವರೆಲ್ಲ ಬಂದರು. ಎದುರು ಮನೆಯ ಮುದುಕ ಕೆಲಸ ಮಾಡಲಿಲ್ಲ, ಕುಳಿತು ಎಲ್ಲಿ ಹೊಡೆಯಬೇಕೆಂದು ಹೇಳುತ್ತಿದ್ದ. ನನ್ನ ಮಗ ಟೆಂಪೋ ಬಿಟ್ಟು ಬಂದ. ಸೊಸೆ ಬುಟ್ಟಿಯಲ್ಲಿ ಇಟ್ಟಿಗೆ ಹೊತ್ತಳು, ಬಾಯಿ ಮಾತ್ರ ನಿಲ್ಲಿಸಲಿಲ್ಲ. ಪತ್ರಾಸು ಬೇಗ ಇಳಿದವು. ಗೋಡೆ ಜಗ್ಗಲಿಲ್ಲ. ಹಾರೆಯಿಂದ ಹೊಡೆದರೆ ಕಿಡಿ ಹಾರುತ್ತಿತ್ತು. ಮೈದುನ ಬೆವರು ಒರೆಸಿಕೊಂಡು, "ಏನ ಹಾಕ್ಯಾನ ಅಣ್ಣಾ ಇದರಾಗ?" ಎಂದ.

ಇಟ್ಟಿಗೆ ಒಟ್ಟುತ್ತಿದ್ದ ಬಾಜೂ ಮನೆಯವಳು ಆಗ ಶುರು ಮಾಡಿದಳು. "ಚಹಾಕ್ಕ ಒಂದ ಚಮಚಿ ಸಕ್ರಿ ಜಾಸ್ತಿ ಹಾಕಿದ್ರ ಬೈತಿದ್ದ. ಹುಡುಗೀರಿಗಿ ಬಳಿ ತಗೊಂಡ್ರ ಬೈತಿದ್ದ. ಇಲ್ಲಿ ನೋಡ್ರಿ, ಸಿಮೆಂಟ ಚೀಲಗಟ್ಟಲೆ ಸುರವ್ಯಾನ! ಯಾರಪ್ಪನ ಗಂಟಂತ ಸುರವಿದಿ? ಕಿಲ್ಲೆ ಕಟ್ಟಾವಿದ್ದೇನ? ರಾಜಾನ ಮಗಾ ಇದ್ದೇನ ನೀ?" ಸತ್ತ ಗಂಡನನ್ನು ಗೋಡೆ ಬೀಳುವವರೆಗೂ ಬೈದಳು. ಯಾರೂ ತಡೆಯಲಿಲ್ಲ. ಗೋಡೆ ಬಿದ್ದ ಮೇಲೆ ಮುಖದ ಧೂಳು ತೊಳೆದುಕೊಂಡು ಎಲ್ಲರಿಗೂ ಅವಲಕ್ಕಿ ಒಗ್ಗರಣೆ ಹಾಕಿ ಕೊಟ್ಟಳು. ಹೊಳೆ ತಂದ ರೊಕ್ಕದಲ್ಲಿ ಎದ್ದ ಗೋಡೆ, ಹೊಳೆಗೂ ಹೆದರುತ್ತಿರಲಿಲ್ಲ. ನಾವೇ ಕೆಡವಿದೆವು.

ಮೈದುನ ತನ್ನ ಅರ್ಧ ಪತ್ರಾಸನ್ನು ನನ್ನ ಮಗನ ಟೆಂಪೋದಲ್ಲಿ ಹಾಕಿಸಿಕೊಂಡು ಹೋದ. ಬಾಡಿಗೆ ಕೊಡಲು ಬಂದ, ಮಗ ತೆಗೆದುಕೊಳ್ಳಲಿಲ್ಲ. ಸೊಸೆ ತೆಗೆದುಕೊಂಡಳು.

ಹತ್ತಿ ಇಡಲು ಜಾಗ ಹೋಯಿತು, ಮನೆಯಲ್ಲಿ ಮಾಲು ಕಾಣಬಾರದು ಎಂದೂ ಆಯಿತು. ಆದರೆ ಗಾದಿ ಹೊಲಿಯದಿದ್ದರೆ ಉಣ್ಣುವುದೇನು? ಅವಳ ಮಾವನ ಕಾಲದಲ್ಲಿ ಯಾರೂ ಗಾದಿ ಮಾಡಿ ಅಂಗಡಿಯಲ್ಲಿ ಇಡುತ್ತಿರಲಿಲ್ಲವಂತೆ. ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ಅಲೆದು, ಕರೆದವರ ಅಂಗಳದಲ್ಲೇ ಹಿಂಜಿ, ಅಲ್ಲೇ ತುಂಬಿ ಹೊಲಿದು ಬರುತ್ತಿದ್ದರಂತೆ. ಈಗ ಇವಳೂ ಅದನ್ನೇ ಹಿಡಿದಳು. ಹತ್ತಿ ಗಿರಣಿಯಿಂದ ನೇರ ಗಿರಾಕಿಯ ಮನೆಗೆ ಹೋಗುತ್ತದೆ, ಇವಳು ದಬ್ಬಣ, ದಾರ, ಮಗಳು ಹೊಲಿದ ಖೋಳ ತೆಗೆದುಕೊಂಡು ಹೋಗುತ್ತಾಳೆ. ದಿನಕ್ಕೆ ಎರಡು ಗಾದಿ ಮುಗಿಸುತ್ತಿದ್ದವಳು ಈಗ ಒಂದೇ ಮುಗಿಸುತ್ತಾಳೆ. ಅರ್ಧ ದಿನ ಬಸ್ಸಿನಲ್ಲಿ ಹೋಗುತ್ತದೆ.

ಮತ್ತೆ ಅಳೆಯಲು ಬಂದರು. ಅದೇ ಇಬ್ಬರು. ಈ ಸಲ ಓಣಿಯನ್ನು ನೋಡಬೇಕಿತ್ತು. ಒಬ್ಬರ ಮನೆಯಲ್ಲೂ ಏನೂ ಇಲ್ಲ. ನನ್ನ ಸೊಸೆ ಕೊತ್ತಂಬರಿಯ ಬುಟ್ಟಿಯನ್ನು ಹಾಸಿಗೆಯ ಕೆಳಗೆ ದೂಡಿದಳು. ಮುದುಕ ಬೀಗರ ಎಮ್ಮೆಯನ್ನು ಹೊಳೆಗೆ ಹೊಡೆದುಕೊಂಡು ಹೋಗಿ ಕುಳಿತ.

"ಆಯಿ, ಹೋಲ್‌ಸೇಲ್ ಎಲ್ಲಿ?" ಎಂದ ಒಬ್ಬ.

"ಮುಳುಗಿ ಹೋತು," ಎಂದೆ.

ಬಾಜೂ ಮನೆಯ ಹಿತ್ತಲಲ್ಲಿ ಅವರು ಇಟ್ಟಿಗೆಯ ರಾಶಿಯ ಮುಂದೆ ನಿಂತರು. ಆವತ್ತು ಖರೆ ಬರೆಯಲೇ ಎಂದು ಕೇಳಿದ್ದವನು ಟೇಪು ಬಿಚ್ಚಲೇ ಇಲ್ಲ. "ಕೆಡವಿದ್ರೇನ ಅವ್ವಾರ?" ಎಂದು ಮೆಲ್ಲಗೆ ಕೇಳಿದ.

"ಹೌದ್ರಿ. ಬರಕೋರಿ," ಎಂದಳು. ಈ ಸಲ ಚಹಾ ಕುಡಿಯಿರಿ ಎಂದರೂ ಅವರು ಕೂರಲಿಲ್ಲ.

ಹೊಸ ಚೀಟಿ ಬಂತು. ಅಂಗಡಿ ಹೋಗಿತ್ತು, ಗೋದಾಮು ಹೋಗಿತ್ತು, ದುಪ್ಪಟ್ಟು ಹೋಗಿತ್ತು. ಏರಿದ ದರ ಮಾತ್ರ ಹಾಗೇ ಇತ್ತು. ಎಲ್ಲ ಕಳೆದ ಮೇಲೂ ಹಳೆಯ ಪಟ್ಟಿಯ ಎರಡು ಪಟ್ಟು. ಅದನ್ನು ತುಂಬಬಹುದು. ಹೇಗೆ ತುಂಬಿದಳು ಎಂದು ನಾನು ಕೇಳಲಿಲ್ಲ. ಮಗಳ ಕಿವಿಯಲ್ಲಿ ಓಲೆಯ ಜಾಗದಲ್ಲಿ ಕಡ್ಡಿ ಇತ್ತು.

ತುಂಬುವ ದಿನ ನಾನೂ ನನ್ನದನ್ನು ತುಂಬಲು ಜೊತೆಗೆ ಹೋದೆ. ಗುಮಾಸ್ತ ಹಣ ಎಣಿಸಿಕೊಂಡು ಪಾವತಿ ಚೀಟಿ ಕೊಟ್ಟು, "ಕಡಿಮಿ ಆತಲ್ಲರಿ, ಚಲೋ ಆತು," ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಅವಳೂ "ಹೌದ್ರಿ" ಎಂದಳು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಪಾವತಿಯ ಫೋಟೋ ತೆಗೆದು ಹುಕ್ಕೇರಿಗೆ ಕಳಿಸಿದಳು. ಮಗಳು ಕಲಿಸಿಕೊಟ್ಟಿದ್ದಳು. ಸ್ವಲ್ಪ ಹೊತ್ತಿಗೆ ಮೈದುನನ ಫೋನು ಬಂತು. ಮನೆ ಮಾರುವ ಮಾತು ಅವನು ತೆಗೆಯಲಿಲ್ಲ. ಪತ್ರಾಸು ಹಾಕಿಸಿದ ಮೇಲೆ ಅಂಗಡಿ ಸೋರುವುದು ನಿಂತಿದೆ ಎಂದಷ್ಟೇ ಹೇಳಿದನಂತೆ.

ಅವಳು ಪಾವತಿಯನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು.

"ಅಕ್ಕಾ, ಮುಂದಿನ ವರ್ಷ ಮತ್ತ ಏರಿಸಿದ್ರ ಏನ ಕೆಡವೂದು?"

"ಅಟ್ಟ ಐತಲ್ಲ."

"ಅದರ ಮರುವರ್ಷ?"

"ಅಷ್ಟ ವರ್ಷ ನಾ ಇರೂದಿಲ್ಲ. ನಿನಗ ನೀನ ನೋಡಕೋ," ಎಂದೆ.

ನಕ್ಕಳು. ಅರಭಾವಿಯಲ್ಲಿ ಒಬ್ಬ ಮಾಸ್ತರರ ಮನೆಯಲ್ಲಿ ಎರಡು ಗಾದಿ ಹೊಲಿಯುವುದಿತ್ತು, ಒಂದನ್ನಾದರೂ ಸಂಜೆಯೊಳಗೆ ಮುಗಿಸಬೇಕಿತ್ತು. ಬಸ್ಸು ಹೊರಡುವುದರಲ್ಲಿತ್ತು. ಕಂಡಕ್ಟರನಿಗೆ ಕೂಗಿ, ಓಡಿ ಹೋಗಿ ಹತ್ತಿದಳು. ನಾನು ಮನೆಗೆ ನಡೆದೆ.